50 ಓಮ್ ಬೇಕಾದರೆ ಮೊದಲು ಎತ್ತರ ಗೊತ್ತು ಮಾಡಿಕೊಳ್ಳಿ: ಬೋರ್ಡ್ ಸ್ಟ್ಯಾಕಪ್ ಕಟ್ಟುವ ಕ್ರಮ

ಮಲ್ಟಿಲೇಯರ್ ಸರ್ಕ್ಯೂಟ್ ಬೋರ್ಡ್ ಮಾಡುವವರಲ್ಲಿ ಹೆಚ್ಚಿನವರು ಸ್ಟ್ಯಾಕಪ್‌ಗೆ, ಅಂದರೆ ತಾಮ್ರ ಮತ್ತು ಇನ್ಸುಲೇಟರ್ ಪದರಗಳ ಜೋಡಣೆಗೆ, ಕೈ ಹಾಕುವುದು ಕೊನೆಗೆ. ಸ್ಕೀಮ್ಯಾಟಿಕ್ ಮುಗಿದು, ಕಾಂಪೊನೆಂಟ್ ಕೂತು, ರೂಟಿಂಗ್ ಅರ್ಧ ದಾಟಿದ ಮೇಲೆ ಯುಎಸ್‌ಬಿಗೆ 90 ಓಮ್ ಇಂಪೀಡೆನ್ಸ್ (ಸಾಗುವ ಸಿಗ್ನಲ್‌ಗೆ ಟ್ರೇಸ್, ಅಂದರೆ ತಾಮ್ರದ ಗೆರೆ, ಒಡ್ಡುವ ತಡೆ) ಬೇಕೆಂಬುದು ನೆನಪಾಗುತ್ತದೆ. ಆಗ ಯಾವುದೋ ಕ್ಯಾಲ್ಕುಲೇಟರ್ ತೆರೆದು, ಡಿಕೆ (ಇನ್ಸುಲೇಟರ್‌ನ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್) ಜಾಗದಲ್ಲಿ 4.5 ತುಂಬಿ, ಎತ್ತರದ ಜಾಗದಲ್ಲಿ ಅಂದಾಜಿಗೆ ಒಂದು ಸಂಖ್ಯೆ ಹಾಕಿ, ಬಂದ ಅಗಲವನ್ನು ಟ್ರೇಸ್‌ಗೆ ಕೊಟ್ಟುಬಿಡುತ್ತಾರೆ. ಬೋರ್ಡ್ ಬಂದಾಗ 50 ಇರಬೇಕಾದಲ್ಲಿ 43 ಇರುತ್ತದೆ. ತಪ್ಪು ಫ್ಯಾಬ್‌ನದಲ್ಲ, ಅಂದರೆ ಬೋರ್ಡ್ ತಯಾರಿಸುವ ಕಾರ್ಖಾನೆಯದಲ್ಲ. ಅವರಿಗೆ ಓಮ್ ಎಷ್ಟು ಬೇಕೆಂದು ಯಾರೂ ಹೇಳಿರಲಿಲ್ಲ.

ಟ್ರೇಸ್‌ನ ಅಗಲವನ್ನು ನಾವು ಆರಿಸುವುದಿಲ್ಲ, ಅದು ಲೆಕ್ಕದ ಕೊನೆಗೆ ಬರುವ ಉತ್ತರ. ಆ ಲೆಕ್ಕ ಶುರುವಾಗುವುದು ಟ್ರೇಸ್‌ಗೂ ಅದರ ಕೆಳಗಿನ ಗ್ರೌಂಡ್ ಪ್ಲೇನ್‌ಗೂ ನಡುವಿನ ಡೈಎಲೆಕ್ಟ್ರಿಕ್ (ಇನ್ಸುಲೇಟರ್ ಪದರ) ಎತ್ತರದಿಂದ. ಆ ಎತ್ತರ ನಿಜವಾಗಿ ಎಷ್ಟೆಂಬುದು ಬೋರ್ಡ್ ಒತ್ತುವವರಿಗೆ ಮಾತ್ರ ಗೊತ್ತು. ಹಾಗಾಗಿ ಕೆಲಸ ಫ್ಯಾಬ್‌ನಿಂದ ಶುರುವಾಗಬೇಕು, ಲೇಔಟ್ ಆಮೇಲೆ.

ಯಾವ ನೆಟ್‌ಗೆ ಬೇಕು, ಯಾವುದಕ್ಕೆ ಬೇಡ

ಎಲ್ಲ ನೆಟ್‌ಗೂ (ಬೋರ್ಡ್‌ನ ಒಂದೊಂದು ಸಂಪರ್ಕಕ್ಕೂ) ಇಂಪೀಡೆನ್ಸ್ ಕಂಟ್ರೋಲ್ ಕೇಳಿದರೆ ದುಡ್ಡು ಹೋಗುತ್ತದೆ, ಪ್ರಯೋಜನವಿಲ್ಲ. ಸಿಗ್ನಲ್‌ನ ಫ್ರೀಕ್ವೆನ್ಸಿಗಿಂತ ಅದರ ರೈಸ್ ಟೈಮ್, ಅಂದರೆ ಕೆಳಮಟ್ಟದಿಂದ ಮೇಲ್ಮಟ್ಟಕ್ಕೆ ಏರಲು ಹಿಡಿಯುವ ಸಮಯ, ಮುಖ್ಯ. ಹೊರ ಲೇಯರ್‌ನ ಟ್ರೇಸ್‌ನಲ್ಲಿ ಸಿಗ್ನಲ್ ಒಂದು ಮಿಲಿಮೀಟರ್ ಸಾಗಲು ಸುಮಾರು 6 ಪಿಕೋಸೆಕೆಂಡ್ ಬೇಕು, ಒಳ ಲೇಯರ್‌ನಲ್ಲಿ 7ರ ಹತ್ತಿರ. ರೈಸ್ ಟೈಮ್‌ನ ಆರನೇ ಒಂದು ಭಾಗಕ್ಕಿಂತ ಟ್ರೇಸ್‌ನ ಡಿಲೇ ಹೆಚ್ಚಾದರೆ ಅದನ್ನು ಟ್ರಾನ್ಸ್‌ಮಿಷನ್ ಲೈನ್ ಎಂದೇ ನೋಡಬೇಕು. 500 ಪಿಕೋಸೆಕೆಂಡ್ ರೈಸ್ ಟೈಮ್ ಇರುವ ಸಿಗ್ನಲ್‌ಗೆ ಇದು 14 ಮಿಲಿಮೀಟರ್ ಆಗುತ್ತದೆ. 10 ಮೆಗಾಹರ್ಟ್ಸ್‌ನ ಎಸ್‌ಪಿಐ ಆದರೂ ಅದನ್ನು ಓಡಿಸುವ ಐಸಿಯ ಎಡ್ಜ್ ಚುರುಕಾಗಿದ್ದರೆ ರಿಂಗಿಂಗ್ (ಸಿಗ್ನಲ್‌ನ ಅಲುಗಾಟ) ಬರುತ್ತದೆ. ಅಂಥ ಕಡೆ ಡ್ರೈವರ್ ಪಕ್ಕ 22 ಅಥವಾ 33 ಓಮ್ ಸೀರೀಸ್ ರೆಸಿಸ್ಟರ್ ಇಟ್ಟರೆ ಸಾಕು, ಫ್ಯಾಬ್‌ಗೆ ಇಂಪೀಡೆನ್ಸ್ ಚಾರ್ಜ್ ಕೊಡುವ ಅಗತ್ಯವಿಲ್ಲ.

ಬೇಕೇ ಬೇಕಾದವು ಇಷ್ಟು: ಆಂಟೆನಾ ಮತ್ತು ಆರ್‌ಎಫ್ ಲೈನ್‌ಗೆ 50 ಓಮ್, ಯುಎಸ್‌ಬಿ ಹೈ ಸ್ಪೀಡ್‌ಗೆ 90 ಓಮ್ ಡಿಫರೆನ್ಷಿಯಲ್ (ಜೋಡಿ ಟ್ರೇಸ್‌ನದು), ಈಥರ್ನೆಟ್, ಎಲ್‌ವಿಡಿಎಸ್, ಎಚ್‌ಡಿಎಂಐಗೆ 100 ಓಮ್ ಡಿಫರೆನ್ಷಿಯಲ್, ಪಿಸಿಐ ಎಕ್ಸ್‌ಪ್ರೆಸ್‌ಗೆ ಸಾಮಾನ್ಯವಾಗಿ 85, ಡಿಡಿಆರ್ ಡೇಟಾ ಲೈನ್‌ಗೆ ಪ್ರೊಸೆಸರ್ ಕಂಪನಿಯ ಗೈಡ್‌ನಲ್ಲಿ ಹೇಳಿದಂತೆ 40ರಿಂದ 50. 12 ಮೆಗಾಬಿಟ್‌ನ ಫುಲ್ ಸ್ಪೀಡ್ ಯುಎಸ್‌ಬಿ ಕನೆಕ್ಟರ್‌ನಿಂದ 20 ಮಿಲಿಮೀಟರ್ ಒಳಗೆ ಮುಗಿಯುವುದಾದರೆ ತಲೆ ಕೆಡಿಸಿಕೊಳ್ಳಬೇಡಿ, ಜೋಡಿಯನ್ನು ಜೊತೆಯಾಗಿ, ಕೆಳಗೆ ಗ್ರೌಂಡ್ ಇರುವಂತೆ ಎಳೆದರೆ ಆಯಿತು.

ಈ ಪಟ್ಟಿಯನ್ನು ಚಿಕ್ಕದಾಗಿ ಇಡಿ. ಒಂದೇ ಲೇಯರ್‌ನಲ್ಲಿ 50, 85, 90, 100 ನಾಲ್ಕೂ ಇದ್ದರೆ ಫ್ಯಾಬ್ ನಾಲ್ಕು ಕೂಪನ್ (ಅಳೆದು ನೋಡುವ ಟೆಸ್ಟ್ ತುಂಡು) ಮಾಡಬೇಕು, ನಾಲ್ಕೂ ಒಟ್ಟಿಗೆ ಮಿತಿಯೊಳಗೆ ಬರಬೇಕು.

ಫ್ಯಾಬ್‌ಗೆ ಮೊದಲ ಫೋನ್

ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಎಲೆಕ್ಟ್ರಾನಿಕ್ಸ್ ಸಿಟಿ ಕಡೆಯ ಫ್ಯಾಬ್‌ಗಳು ಕೈಗೆಟಕುವ ದೂರದಲ್ಲಿರುವುದು ಬೆಂಗಳೂರಿನಲ್ಲಿ ಡಿಸೈನ್ ಮಾಡುವವರಿಗೆ ದೊಡ್ಡ ಅನುಕೂಲ. ಸೇಲ್ಸ್‌ನವರ ಹತ್ತಿರ ರೇಟ್ ಕೇಳಿ ಸುಮ್ಮನಾಗಬೇಡಿ, ಕ್ಯಾಮ್ ಎಂಜಿನಿಯರ್ (ನಿಮ್ಮ ಫೈಲ್‌ಗಳನ್ನು ತಯಾರಿಕೆಗೆ ಸಿದ್ಧಪಡಿಸುವವರು) ನಂಬರ್ ತೆಗೆದುಕೊಳ್ಳಿ. ಮಾತು ಹೀಗೆ ನೇರವಾಗಿರಲಿ: "ಸರ್, ಫೋರ್ ಲೇಯರ್ ಒಂದು ಪಾಯಿಂಟ್ ಆರು ಎಂಎಂಗೆ ನಿಮ್ಮ ರೆಗ್ಯುಲರ್ ಸ್ಟ್ಯಾಕಪ್ ಕಳಿಸ್ತೀರಾ? ಪ್ರಿಪ್ರೆಗ್ ಯಾವುದು, ಪ್ರೆಸ್ ಆದ್ಮೇಲೆ ಎಷ್ಟು ಬರುತ್ತೆ, ಹೊರಗಿನ ಕಾಪರ್ ಫಿನಿಶ್ ಎಷ್ಟು, ಅದೂ ಬೇಕಿತ್ತು."

ಬರಹದಲ್ಲಿ ತರಿಸಿಕೊಳ್ಳಬೇಕಾದ್ದು ಇವು. ಲ್ಯಾಮಿನೇಟ್‌ನ ಕಂಪನಿ ಮತ್ತು ಗ್ರೇಡ್. ಬರೀ ಎಫ್‌ಆರ್4 ಎಂಬುದು ಒಂದು ವರ್ಗದ ಹೆಸರು, ಅಷ್ಟರಿಂದ ಏನೂ ತಿಳಿಯುವುದಿಲ್ಲ. ಸ್ಟಾಕ್‌ನಲ್ಲಿರುವ ಕೋರ್ (ಎರಡೂ ಬದಿಗೆ ತಾಮ್ರ ಅಂಟಿದ ಗಟ್ಟಿ ಹಾಳೆ) ದಪ್ಪಗಳು, ಪ್ರಿಪ್ರೆಗ್ (ಪದರಗಳನ್ನು ಅಂಟಿಸುವ ಹಾಳೆ) ಬಗೆಗಳು, ಪ್ರತಿಯೊಂದರ ಪ್ರೆಸ್ ಆದ ನಂತರದ ದಪ್ಪ, ಆ ರೆಸಿನ್ ಪ್ರಮಾಣಕ್ಕೆ 1 ಗಿಗಾಹರ್ಟ್ಸ್ ಅಥವಾ ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಡಿಕೆ. ಅವರು ನಿಭಾಯಿಸಬಲ್ಲ ಕನಿಷ್ಠ ಟ್ರೇಸ್ ಅಗಲ ಮತ್ತು ಅಗಲದಲ್ಲಿ ಎಷ್ಟು ಹೆಚ್ಚುಕಡಿಮೆಯಾಗುತ್ತದೆ ಎಂಬುದು. ಕೊನೆಯದಾಗಿ, ಟಿಡಿಆರ್ (ಟ್ರೇಸ್‌ನ ಇಂಪೀಡೆನ್ಸ್ ಅಳೆಯುವ ಉಪಕರಣ) ಅವರ ಹತ್ತಿರವೇ ಇದೆಯೇ, ರಿಪೋರ್ಟ್ ಕೊಡುತ್ತಾರೆಯೇ.

ಕೋರ್ ದಪ್ಪದ ಬಗ್ಗೆ ಒಂದು ಗೊಂದಲ ಪದೇ ಪದೇ ಬರುತ್ತದೆ. ತೆಳು ಕೋರ್‌ಗಳ ದಪ್ಪವನ್ನು ತಾಮ್ರ ಬಿಟ್ಟು ಹೇಳುವ ರೂಢಿ, ದಪ್ಪ ಕೋರ್‌ಗಳದನ್ನು ತಾಮ್ರ ಸೇರಿಸಿ ಹೇಳುವುದುಂಟು. "1.2 ಕೋರ್" ಎಂದಾಗ ಒಳಗಿನ ಡೈಎಲೆಕ್ಟ್ರಿಕ್ 1.2 ಇರಬಹುದು, 1.13 ಇರಬಹುದು. ಕೇಳಿ ಬರೆದುಕೊಳ್ಳಿ.

ಡಿಕೆಯಲ್ಲೂ ಹಳೆಯ ಅಭ್ಯಾಸವೊಂದಿದೆ. ಡೇಟಾಶೀಟ್‌ನ ಮೊದಲ ಪುಟದಲ್ಲಿ 1 ಮೆಗಾಹರ್ಟ್ಸ್‌ನಲ್ಲಿ 4.7 ಎಂದಿದ್ದರೆ ಅದನ್ನೇ ಎತ್ತಿ ಲೆಕ್ಕಕ್ಕೆ ಹಾಕುತ್ತಾರೆ. ಗಿಗಾಹರ್ಟ್ಸ್ ಮಟ್ಟದಲ್ಲಿ ಅದೇ ಮೆಟೀರಿಯಲ್ 4.2ರ ಆಸುಪಾಸಿಗೆ ಇಳಿದಿರುತ್ತದೆ. ರೋಜರ್ಸ್ 4350ಬಿಯಂಥ ಆರ್‌ಎಫ್ ಲ್ಯಾಮಿನೇಟ್‌ನಲ್ಲಂತೂ ಎರಡು ಸಂಖ್ಯೆ ಕೊಟ್ಟಿರುತ್ತಾರೆ: ಪ್ರೊಸೆಸ್ ಡಿಕೆ 3.48, ಡಿಸೈನ್ ಡಿಕೆ 3.66. ಲೆಕ್ಕಕ್ಕೆ ಬೇಕಾದ್ದು ಎರಡನೆಯದು.

ಪ್ರಿಪ್ರೆಗ್ ಒಳಗೆ ಏನಾಗುತ್ತದೆ

ಪ್ರಿಪ್ರೆಗ್ ಎಂದರೆ ಗಾಜಿನ ನೂಲಿನ ಬಟ್ಟೆಗೆ ರೆಸಿನ್ ಕುಡಿಸಿ ಅರೆಬೆಂದ ಸ್ಥಿತಿಯಲ್ಲಿ ನಿಲ್ಲಿಸಿದ ಹಾಳೆ. 1080, 2116, 7628 ಎಂಬ ಸಂಖ್ಯೆಗಳು ಆ ನೇಯ್ಗೆಯ ಹೆಸರುಗಳು. 1080 ತೆಳು, ಪ್ರೆಸ್ ಆದಮೇಲೆ ಸುಮಾರು 0.07 ಮಿಲಿಮೀಟರ್. 2116 ಸುಮಾರು 0.12. 7628 ಸುಮಾರು 0.2. ಗಾಜಿನ ಡಿಕೆ 6ರ ಮೇಲಿದೆ, ರೆಸಿನ್‌ನದು 3ರ ಸ್ವಲ್ಪ ಮೇಲೆ. ರೆಸಿನ್ ಹೆಚ್ಚಿರುವ 1080ರ ಡಿಕೆ 3.9ರ ಹತ್ತಿರ ಕೂತರೆ, ಗಾಜು ಹೆಚ್ಚಿರುವ 7628ರದು 4.4 ದಾಟುವುದು ಇದೇ ಕಾರಣಕ್ಕೆ. ಒಂದೇ ಕಂಪನಿಯ ಒಂದೇ ಗ್ರೇಡ್ ಆದರೂ ಪ್ರಿಪ್ರೆಗ್ ಬದಲಾದರೆ ಡಿಕೆ ಬದಲಾಗುತ್ತದೆ.

ಎತ್ತರ ತಪ್ಪುವುದು ಪ್ರೆಸ್‌ನಲ್ಲಿ. ಬಿಸಿ ಮತ್ತು ಒತ್ತಡಕ್ಕೆ ರೆಸಿನ್ ಕರಗಿ, ಪಕ್ಕದ ಒಳ ಲೇಯರ್‌ನಲ್ಲಿ ಎಚ್ಚಿಂಗ್ ಆಗಿ ತಾಮ್ರ ಹೋದ ತಗ್ಗುಗಳನ್ನೆಲ್ಲ ತುಂಬುತ್ತದೆ. ತುಂಬಲು ಹೋದ ರೆಸಿನ್ ಅಷ್ಟೂ ಎತ್ತರದಲ್ಲಿ ಕಳೆಯುತ್ತದೆ. ಲೆಕ್ಕ ಸುಲಭ: ತಾಮ್ರದ ದಪ್ಪವನ್ನು ತಾಮ್ರ ಇಲ್ಲದ ಭಾಗದಿಂದ ಗುಣಿಸಿ, ಪ್ರಿಪ್ರೆಗ್‌ನ ದಪ್ಪದಿಂದ ಕಳೆಯಿರಿ. ಎರಡನೇ ಲೇಯರ್ 35 ಮೈಕ್ರಾನ್‌ನ ಗ್ರೌಂಡ್ ಪ್ಲೇನ್, ಅದರಲ್ಲಿ 85% ತಾಮ್ರ ಉಳಿದಿದೆ ಎನ್ನಿ. 35 × 0.15, ಅಂದರೆ 5 ಮೈಕ್ರಾನ್ ಚಿಲ್ಲರೆ ಕಳೆಯುತ್ತದೆ. 120 ಇದ್ದದ್ದು 115 ಆಗುತ್ತದೆ. ಅದೇ ಲೇಯರ್‌ನಲ್ಲಿ ಪ್ಲೇನ್ ಅರೆಬರೆ ಇದ್ದು ತಾಮ್ರ 30% ಮಾತ್ರ ಉಳಿದಿದ್ದರೆ 35 × 0.7, ಹತ್ತಿರ ಹತ್ತಿರ 25 ಮೈಕ್ರಾನ್ ಕಳೆದು 95 ಉಳಿಯುತ್ತದೆ. ಟ್ರೇಸ್ ಅಗಲ ಒಂದೇ ಇದ್ದರೂ ಇವೆರಡರ ನಡುವೆ ಸುಮಾರು 7 ಓಮ್ ವ್ಯತ್ಯಾಸ. ಒಳ ಲೇಯರ್‌ಗಳ ಖಾಲಿ ಜಾಗವನ್ನು ಗ್ರೌಂಡ್ ತಾಮ್ರದಿಂದ ತುಂಬಿ ಎಂದು ಒತ್ತಿ ಹೇಳುವುದು ಇದಕ್ಕೇ. ತಾಮ್ರ ಬೋರ್ಡ್‌ನ ಒಂದು ಮೂಲೆಯಲ್ಲಿ ದಟ್ಟ, ಇನ್ನೊಂದು ಮೂಲೆಯಲ್ಲಿ ವಿರಳವಾಗಿದ್ದರೆ ಎತ್ತರವೂ ಮೂಲೆಯಿಂದ ಮೂಲೆಗೆ ಬೇರೆಯಾಗುತ್ತದೆ.

ದಪ್ಪ ತಾಮ್ರದ ಮೇಲೆ ಒಂದೇ ಒಂದು ತೆಳು 1080 ಹಾಕಿದರೆ ಇನ್ನೂ ಕೆಟ್ಟದ್ದಾಗುತ್ತದೆ. ತಗ್ಗು ತುಂಬಲು ರೆಸಿನ್ ಸಾಲದೆ ಒಳಗೆ ಟೊಳ್ಳು ಉಳಿಯುತ್ತದೆ. ಒಳಗೆ 70 ಮೈಕ್ರಾನ್ ತಾಮ್ರ ಬೇಕೆಂದಿದ್ದರೆ ಎಷ್ಟು ಹಾಳೆ ಬೇಕೆಂಬ ತೀರ್ಮಾನವನ್ನು ಫ್ಯಾಬ್‌ನವರಿಗೇ ಬಿಡಿ.

ಒಂದು 4 ಲೇಯರ್ ಬೋರ್ಡ್ ಕಟ್ಟಿ ನೋಡೋಣ

ಒಟ್ಟು 1.6 ಮಿಲಿಮೀಟರ್. ಹೊರಗಿನ ಎರಡೂ ಲೇಯರ್ ಸಿಗ್ನಲ್, ಎರಡನೆಯದು ಗ್ರೌಂಡ್. ಮೂರನೆಯದು ಸಾಮಾನ್ಯವಾಗಿ ಪವರ್. ಕೆಳಗಿನ ಲೇಯರ್‌ನಲ್ಲೂ ವೇಗದ ಸಿಗ್ನಲ್ ಇದ್ದರೆ ಮೂರನೆಯದನ್ನೂ ಗ್ರೌಂಡ್ ಮಾಡಿ, ಪವರ್ ಅನ್ನು ಹೊರಗಿನ ಲೇಯರ್‌ಗಳಲ್ಲಿ ಅಗಲ ತಾಮ್ರವಾಗಿ ಎಳೆಯಿರಿ. ನಮ್ಮ ಮತ ಈ ಎರಡನೇ ಕ್ರಮಕ್ಕೇ. ಮೇಲಿಂದ ಕೆಳಕ್ಕೆ ಮಿಲಿಮೀಟರ್‌ನಲ್ಲಿ:

ಸೋಲ್ಡರ್ ಮಾಸ್ಕ್ 0.02
ಲೇಯರ್ 1, ತಾಮ್ರ 0.04
ಪ್ರಿಪ್ರೆಗ್ 2116, ಪ್ರೆಸ್ ಆದಮೇಲೆ 0.115
ಲೇಯರ್ 2, ತಾಮ್ರ 0.035
ಕೋರ್ 1.13
ಲೇಯರ್ 3, ತಾಮ್ರ 0.035
ಪ್ರಿಪ್ರೆಗ್ 2116, ಪ್ರೆಸ್ ಆದಮೇಲೆ 0.115
ಲೇಯರ್ 4, ತಾಮ್ರ 0.04
ಸೋಲ್ಡರ್ ಮಾಸ್ಕ್ 0.02

ಕೂಡಿದರೆ 1.55. 1.6ಕ್ಕೆ ±10% ಸಾಮಾನ್ಯ ಮಿತಿ, ಅದರೊಳಗೆ ಇದೆ. ನಡುಗೆರೆಯಿಂದ ಮೇಲೂ ಕೆಳಗೂ ಒಂದೇ ಥರ ಇರುವುದನ್ನು ಗಮನಿಸಿ. ಮೇಲೆ 2116, ಕೆಳಗೆ 7628 ಹಾಕಿದರೆ ತಣ್ಣಗಾಗುವಾಗ ಎರಡು ಕಡೆಯ ಎಳೆತ ಬೇರೆಯಾಗಿ ಬೋರ್ಡ್ ಬಾಗುತ್ತದೆ. ಕಾಂಪೊನೆಂಟ್‌ಗಳನ್ನು ಮೇಲ್ಮೈಗೇ ಬೆಸೆಯುವ ಎಸ್‌ಎಂಟಿ ಬೋರ್ಡ್‌ಗೆ ಐಪಿಸಿ ಎಂಬ ಮಾನದಂಡ ಸಂಸ್ಥೆ ಒಪ್ಪುವ ಬಾಗು 0.75%. ಅದನ್ನು ಮೀರಿದರೆ ರೀಫ್ಲೋದಲ್ಲಿ (ಬೆಸುಗೆ ಕರಗಿಸುವ ಹಂತ) ಬಿಜಿಎ, ಅಂದರೆ ತಳದಲ್ಲಿ ಬೆಸುಗೆ ಗುಂಡುಗಳಿರುವ ಚಿಪ್‌ನ, ಮೂಲೆಯ ಬಾಲ್‌ಗಳು ಕೂಡಿಕೊಳ್ಳುವುದಿಲ್ಲ.

ಲೇಯರ್ 1ರ ತಾಮ್ರ 0.04 ಹೇಗಾಯಿತು? ಶುರುವಿನಲ್ಲಿ ಹಾಕುವ ಫಾಯಿಲ್ ಅರ್ಧ ಔನ್ಸ್, ಸುಮಾರು 18 ಮೈಕ್ರಾನ್. ವಯಾದ (ಲೇಯರ್‌ಗಳನ್ನು ಜೋಡಿಸುವ ತೂತು) ಒಳಗೆ ತಾಮ್ರ ಏರಿಸುವಾಗ ಮೇಲ್ಮೈಗೂ 20ರಿಂದ 25 ಮೈಕ್ರಾನ್ ಸೇರಿಕೊಳ್ಳುತ್ತದೆ. ಕ್ಯಾಲ್ಕುಲೇಟರ್‌ಗೆ 18 ಹಾಕಿದವರಿಗೆ ಕೆಲವು ಓಮ್ ಅಲ್ಲೇ ಹೋಗುತ್ತದೆ. ಒಳ ಲೇಯರ್‌ಗೆ ಈ ಪ್ಲೇಟಿಂಗ್ ಇಲ್ಲ.

ಈಗ ಅಗಲ. ಹಳೆಯ ಐಪಿಸಿ ಸೂತ್ರ ಹೀಗಿದೆ: ಡಿಕೆಗೆ 1.41 ಕೂಡಿಸಿ ವರ್ಗಮೂಲ ತೆಗೆಯಿರಿ, 87ನ್ನು ಅದರಿಂದ ಭಾಗಿಸಿ. ಬಂದದ್ದನ್ನು ಒಂದು ನ್ಯಾಚುರಲ್ ಲಾಗ್‌ನಿಂದ ಗುಣಿಸಬೇಕು. ಆ ಲಾಗ್‌ನ ಒಳಗೆ ಮೇಲ್ಗಡೆ ಎತ್ತರದ 5.98 ಪಟ್ಟು, ಕೆಳಗಡೆ ಅಗಲದ 0.8 ಪಟ್ಟಿಗೆ ತಾಮ್ರದ ದಪ್ಪ ಕೂಡಿಸಿದ ಮೊತ್ತ. ಡಿಕೆ 4.2, ಎತ್ತರ 0.115, ಅಗಲ 0.19, ತಾಮ್ರ 0.04 ಹಾಕಿದರೆ 47 ಓಮ್ ಬರುತ್ತದೆ. ಇನ್ನಷ್ಟು ನಿಖರವಾದ ಹ್ಯಾಮರ್‌ಸ್ಟಡ್ ಜೆನ್ಸನ್ ಸಮೀಕರಣಕ್ಕೆ ಅದೇ ಸಂಖ್ಯೆಗಳನ್ನು ಕೊಟ್ಟರೆ 51ರ ಹತ್ತಿರ. ಮೇಲೆ ಸೋಲ್ಡರ್ ಮಾಸ್ಕ್ ಬಿದ್ದಾಗ 2ರಿಂದ 3 ಓಮ್ ಇಳಿದು 49ಕ್ಕೆ ನಿಲ್ಲುತ್ತದೆ. ಅಂದರೆ ಸೂತ್ರ ಆರಿಸುವುದರಲ್ಲೇ 4 ಓಮ್ ಹೆಚ್ಚುಕಡಿಮೆ. ಐಪಿಸಿ ಸೂತ್ರವನ್ನು ದಿಕ್ಕು ತಿಳಿಯಲು ಮಾತ್ರ ಬಳಸಿ. ಕೊನೆಯ ಅಗಲಕ್ಕೆ ಫೀಲ್ಡ್ ಸಾಲ್ವರ್ (ಟ್ರೇಸ್ ಸುತ್ತಲಿನ ವಿದ್ಯುತ್ ಕ್ಷೇತ್ರವನ್ನೇ ಲೆಕ್ಕ ಹಾಕುವ ಸಾಫ್ಟ್‌ವೇರ್) ಬೇಕು. ಹೆಚ್ಚಿನ ಫ್ಯಾಬ್‌ಗಳ ಹತ್ತಿರ ಪೋಲಾರ್‌ನ ಎಸ್‌ಐ9000 ಇರುತ್ತದೆ. ನಿಮ್ಮ ಕಡೆ ಸ್ಯಾಟರ್ನ್ ಟೂಲ್‌ಕಿಟ್ ಅಥವಾ ಕಿಕ್ಯಾಡ್‌ನ ಕ್ಯಾಲ್ಕುಲೇಟರ್‌ನಿಂದ ಶುರುಮಾಡಿ ಅವರ ಸಂಖ್ಯೆಯೊಡನೆ ಹೋಲಿಸಿ.

ಸಾಲ್ವರ್‌ನಲ್ಲಿ ಅಗಲಕ್ಕೆ ಎರಡು ಜಾಗ ಕಾಣುತ್ತವೆ, ಮೇಲಿನದು ಮತ್ತು ಕೆಳಗಿನದು. ಎಚ್ಚಿಂಗ್ ದ್ರಾವಣ ಮೇಲಿನಿಂದ ಇಳಿಯುತ್ತಾ ಬದಿಗಳನ್ನೂ ತಿನ್ನುವುದರಿಂದ ಟ್ರೇಸ್‌ನ ಅಡ್ಡ ಸೀಳು ಚೌಕವಾಗಿರುವುದಿಲ್ಲ. ಹೊರ ಲೇಯರ್‌ನಲ್ಲಿ ಮೇಲ್ಭಾಗ ತಳಕ್ಕಿಂತ 20–25 ಮೈಕ್ರಾನ್ ಕಿರಿದಾಗಿರುತ್ತದೆ. ತಳದ ಅಗಲವೇ ನಿಮ್ಮ ಡಿಸೈನ್ ಅಗಲ ಎಂದು ಹಿಡಿಯಿರಿ.

ಇದೇ ಸ್ಟ್ಯಾಕಪ್‌ನಲ್ಲಿ ಡಿಫರೆನ್ಷಿಯಲ್ ಜೋಡಿಗೆ ಶುರುವಿನ ಸಂಖ್ಯೆಗಳು: 100 ಓಮ್‌ಗೆ ಅಗಲ 0.15, ನಡುವಿನ ಅಂತರ 0.2, 90 ಓಮ್‌ಗೆ ಅಗಲ 0.18, ಅಂತರ 0.18. ಅಂತರವನ್ನು 0.1ಕ್ಕೆ ಇಳಿಸಿ ಜೋಡಿಯನ್ನು ಬಿಗಿ ಮಾಡುವ ಆಸೆ ಬೇಡ. ಅಷ್ಟು ಬಿಗಿಯಾದಾಗ ಟ್ರೇಸ್ ಕಿರಿದಾಗುತ್ತದೆ, ಎಚ್ಚಿಂಗ್‌ನ ಸಣ್ಣ ತಪ್ಪೂ ಓಮ್ ಅನ್ನು ಅಲ್ಲಾಡಿಸುತ್ತದೆ, ಕನೆಕ್ಟರ್ ಬಳಿ ಜೋಡಿ ಬಿಡಿಸಿಕೊಂಡ ಕೂಡಲೇ ಇಂಪೀಡೆನ್ಸ್ ಜಿಗಿಯುತ್ತದೆ.

ಯಾವುದು ಎಷ್ಟು ಕೆಡಿಸುತ್ತದೆ

ಮೇಲಿನ 0.19 ಟ್ರೇಸ್‌ಗೆ ಲೆಕ್ಕ ಹಾಕಿ ನೋಡಿ. ಎತ್ತರ 10% ಏರಿದರೆ ಇಂಪೀಡೆನ್ಸ್ 3.5 ಓಮ್ ಏರುತ್ತದೆ. ಅಗಲ 20 ಮೈಕ್ರಾನ್ ತಪ್ಪಿದರೆ 3 ಓಮ್. ಡಿಕೆ 0.2ರಷ್ಟು ತಪ್ಪಿದರೆ ಸುಮಾರು 1 ಓಮ್ ಅಷ್ಟೇ. ಡಿಕೆ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು ಎತ್ತರದ ಬಗ್ಗೆ ಒಂದು ಫೋನ್ ಮಾಡಿರುವುದಿಲ್ಲ. ಗಮನ ಎಲ್ಲಿಗೆ ಕೊಡಬೇಕೆಂಬುದು ಈ ಮೂರು ಸಂಖ್ಯೆಗಳಲ್ಲೇ ಇದೆ.

ಇದರಿಂದಲೇ ಪ್ರಿಪ್ರೆಗ್ ಆಯ್ಕೆಯೂ ತೀರ್ಮಾನವಾಗುತ್ತದೆ. 50 ಓಮ್‌ಗೆ 7628 ಮೇಲೆ ಸುಮಾರು 0.34 ಅಗಲ ಬೇಕು, 2116 ಮೇಲೆ 0.19, 1080 ಮೇಲೆ 0.11. ಫ್ಯಾಬ್‌ನ ಎಚ್ಚಿಂಗ್ 20 ಮೈಕ್ರಾನ್ ಆಚೀಚೆ ಆಗುತ್ತದೆಂದರೆ ಮೊದಲನೆಯದರಲ್ಲಿ 2 ಓಮ್‌ಗಿಂತ ಕಡಿಮೆ ತಪ್ಪು, ಮೂರನೆಯದರಲ್ಲಿ 4.5 ದಾಟುತ್ತದೆ. ±10% ಎಂದರೆ ನಮಗಿರುವುದು 5 ಓಮ್ ಮಾತ್ರ. 1080ರಲ್ಲಿ ಅದನ್ನೆಲ್ಲ ಅಗಲವೊಂದೇ ತಿಂದುಹಾಕುತ್ತದೆ, ಎತ್ತರಕ್ಕೆ ಏನೂ ಉಳಿಯುವುದಿಲ್ಲ. ಬಿಜಿಎ ಪಿಚ್ ಒತ್ತಾಯಿಸದಿದ್ದರೆ 1080ಕ್ಕೆ ಹೋಗಬೇಡಿ. ಹಾಗೆಂದು 7628 ಎಲ್ಲ ಕಡೆಗೂ ಸರಿಯಲ್ಲ: ಎತ್ತರ ಹೆಚ್ಚಿದಂತೆ ಪಕ್ಕದ ಟ್ರೇಸ್‌ಗೆ ಕ್ರಾಸ್‌ಟಾಕ್ (ಸಿಗ್ನಲ್ ಸೋರಿಕೆ) ಹೆಚ್ಚುತ್ತದೆ, 0.34 ಅಗಲದ ಟ್ರೇಸ್ 0.5 ಪಿಚ್‌ನ ಕನೆಕ್ಟರ್ ಒಳಗೆ ನುಗ್ಗುವುದಿಲ್ಲ. ಆರ್‌ಎಫ್ ಮಾಡ್ಯೂಲ್ ಒಂದೆರಡು ಇರುವ ಸಾದಾ ಬೋರ್ಡ್‌ಗೆ 7628, ಯುಎಸ್‌ಬಿ ಈಥರ್ನೆಟ್ ಇರುವ ಪ್ರೊಸೆಸರ್ ಬೋರ್ಡ್‌ಗೆ 2116, ಇದು ನಮ್ಮ ಸಲಹೆ.

5 ಗಿಗಾಬಿಟ್ ದಾಟಿದ ಲೈನ್‌ಗಳಲ್ಲಿ ನೇಯ್ಗೆಯೇ ತೊಂದರೆ ಕೊಡಲು ಶುರುಮಾಡುತ್ತದೆ. 1080ರ ನೇಯ್ಗೆ ವಿರಳ, ನೂಲುಗಳ ನಡುವೆ ಕಿಂಡಿ ಇರುತ್ತದೆ. ಜೋಡಿಯ ಒಂದು ಟ್ರೇಸ್ ಗಾಜಿನ ಕಟ್ಟಿನ ಮೇಲೆ, ಇನ್ನೊಂದು ರೆಸಿನ್ ಮೇಲೆ ಉದ್ದಕ್ಕೂ ಓಡಿದರೆ ಎರಡರ ವೇಗ ಬೇರೆಯಾಗಿ, ಉದ್ದ ಸಮ ಮಾಡಿದ್ದರೂ ಸ್ಕ್ಯೂ (ತಲುಪುವ ಸಮಯದ ವ್ಯತ್ಯಾಸ) ಬರುತ್ತದೆ. ನೂಲನ್ನು ಹರಡಿ ನೇಯ್ದ 1078ರಂಥದ್ದನ್ನು ಕೇಳಿ, ಇಲ್ಲವೇ ಉದ್ದದ ಜೋಡಿಗಳನ್ನು ಬೋರ್ಡ್ ಅಂಚಿಗೆ 10 ಡಿಗ್ರಿ ಓರೆಯಾಗಿ ಎಳೆಯಿರಿ.

ಎರಡು ಲೇಯರ್, ಆರು ಲೇಯರ್

ಎರಡು ಲೇಯರ್‌ನ 1.6 ಬೋರ್ಡ್‌ನಲ್ಲಿ ಸಾದಾ ಮೈಕ್ರೋಸ್ಟ್ರಿಪ್ (ಕೆಳಗೆ ಮಾತ್ರ ಗ್ರೌಂಡ್ ಇರುವ ಹೊರ ಲೇಯರ್‌ನ ಟ್ರೇಸ್) 50 ಓಮ್ ಆಗಲು 2.9 ಮಿಲಿಮೀಟರ್ ಅಗಲ ಬೇಕು, ಅದು ಕೆಲಸಕ್ಕೆ ಬಾರದು. ಟ್ರೇಸ್‌ನ ಎರಡೂ ಬದಿಗೆ ಗ್ರೌಂಡ್ ತಂದು ಕೋಪ್ಲೇನರ್ ಮಾಡಿ, ಅಂಚಿಗೆ ಸಾಲಾಗಿ ವಯಾ ಹೊಡೆಯಿರಿ; ಅಥವಾ 0.8 ಬೋರ್ಡ್‌ಗೆ ಹೋಗಿ. ಎಸ್‌ಪಿ ರೋಡ್‌ನಲ್ಲಿ ಬಿಡಿಯಾಗಿ ಸಿಗುವ ಕಾಪರ್ ಕ್ಲ್ಯಾಡ್ ಹಾಳೆಯಲ್ಲಿ ಕೈಯಾರೆ ಎಚ್ ಮಾಡಿ ಆಂಟೆನಾ ಲೈನ್ ಪರೀಕ್ಷಿಸುವವರು ಒಂದು ತುಂಡನ್ನು ಅಳೆದು ಅದರ ಡಿಕೆ ಕಂಡುಕೊಂಡ ಮೇಲೆಯೇ ಮುಂದುವರಿಯಬೇಕು.

ಆರು ಲೇಯರ್‌ಗೆ ಸಿಗ್ನಲ್, ಗ್ರೌಂಡ್, ಸಿಗ್ನಲ್, ಪವರ್, ಗ್ರೌಂಡ್, ಸಿಗ್ನಲ್ ಎಂಬ ಕ್ರಮ ಒಳ್ಳೆಯದು. ಆದರೆ 1.6 ತುಂಬಿಸಲು 0.36 ಕೋರ್ ಎರಡು ಹಾಕಿ ನಡುವೆ ಎರಡು 7628 ಇಟ್ಟರೆ ಮೂರನೇ ಲೇಯರ್‌ನ 50 ಓಮ್ ಟ್ರೇಸ್ 0.28ರ ಆಸುಪಾಸಿಗೆ ಊದಿಕೊಳ್ಳುತ್ತದೆ. ಒಳಗೆ ದಟ್ಟವಾಗಿ ರೂಟ್ ಮಾಡುವುದಿದ್ದರೆ ತೆಳು ಕೋರ್ ಹಾಕಿ, ದಪ್ಪವನ್ನೆಲ್ಲ ನಟ್ಟನಡುವೆ ಬಿಡಲು ಹೇಳಿ. ಡಿಡಿಆರ್ ಇದ್ದರೆ ಎಂಟು ಲೇಯರ್‌ನ ಬೆಲೆ ಕೇಳಿ ನೋಡುವುದು ವಾಸಿ.

ಸ್ಟ್ಯಾಕಪ್ ಸರಿಯಿದ್ದೂ ಲೇಔಟ್‌ನಲ್ಲಿ ಹಾಳಾಗುವುದು

ಮೊದಲನೆಯದು ಗ್ರೌಂಡ್ ಪೋರ್, ಅಂದರೆ ಖಾಲಿ ಜಾಗ ತುಂಬುವ ಗ್ರೌಂಡ್ ತಾಮ್ರ. ಮೈಕ್ರೋಸ್ಟ್ರಿಪ್ ಎಂದು ಲೆಕ್ಕ ಹಾಕಿ, ಕೊನೆಗೆ ಮೇಲಿನ ಲೇಯರ್‌ಗೆ 0.15 ಕ್ಲಿಯರೆನ್ಸ್‌ನಲ್ಲಿ ಪೋರ್ ಸುರಿದುಬಿಟ್ಟರೆ ಅದು ಕೋಪ್ಲೇನರ್ ಆಗಿಹೋಯಿತು, ಓಮ್ ಇಳಿಯುತ್ತದೆ. ಪೋರ್ ಅನ್ನು ಟ್ರೇಸ್ ಅಗಲದ ಮೂರು ಪಟ್ಟು ದೂರ ಇಡಿ, ಇಲ್ಲವೇ ಮೊದಲಿಂದಲೇ ಕೋಪ್ಲೇನರ್ ಎಂದು ಲೆಕ್ಕ ಹಾಕಿ.

ಎರಡನೆಯದು, ಕೆಳಗಿನ ಪ್ಲೇನ್‌ನಲ್ಲಿ ಸೀಳು. ಸಿಗ್ನಲ್ ಮುಂದೆ ಹೋಗುವಾಗ ಅದರ ರಿಟರ್ನ್ ಕರೆಂಟ್ ಟ್ರೇಸ್‌ನ ನೇರ ಕೆಳಗೆ ಹಿಂದಕ್ಕೆ ಬರುತ್ತಿರುತ್ತದೆ. 3.3 ವೋಲ್ಟ್ ಮತ್ತು 1.8 ವೋಲ್ಟ್ ತಾಮ್ರದ ನಡುವಿನ ಸೀಳನ್ನು ಟ್ರೇಸ್ ದಾಟಿದರೆ ರಿಟರ್ನ್ ಸುತ್ತು ಹಾಕಿಕೊಂಡು ಬರಬೇಕು. ಇಂಪೀಡೆನ್ಸ್ ಅಲ್ಲಿ ಏರುತ್ತದೆ, ಇಎಂಐ (ವಿದ್ಯುತ್ಕಾಂತೀಯ ಹಸ್ತಕ್ಷೇಪ) ಟೆಸ್ಟ್‌ನಲ್ಲೂ ಸಿಕ್ಕಿಬೀಳುತ್ತೀರಿ. ವಯಾಗಳ ಸಾಲಿನಿಂದ ಆಂಟಿಪ್ಯಾಡ್‌ಗಳು (ವಯಾ ಸುತ್ತ ಪ್ಲೇನ್‌ನಲ್ಲಿ ಬಿಡುವ ಖಾಲಿ ಜಾಗ) ಒಂದಕ್ಕೊಂದು ಕೂಡಿ ಉದ್ದ ಸೀಳಾಗುವುದೂ ಉಂಟು. ರೂಟಿಂಗ್ ಮುಗಿದ ಮೇಲೆ ಪ್ಲೇನ್ ಲೇಯರ್ ಒಂದನ್ನೇ ತೆರೆದು ಕಣ್ಣಾಡಿಸಿ. ಸಿಗ್ನಲ್ ಒಂದನೇ ಲೇಯರ್‌ನಿಂದ ನಾಲ್ಕನೆಯದಕ್ಕೆ ಇಳಿಯುವ ಕಡೆ ಅದರ ಪಕ್ಕದಲ್ಲೇ ಒಂದು ಗ್ರೌಂಡ್ ವಯಾ ಬೇಕು.

ಮೂರನೆಯದು ಪ್ಯಾಡ್. 0.19 ಟ್ರೇಸ್ 0.5 ಅಗಲದ 0402 ಪ್ಯಾಡ್‌ಗೆ ಬಂದಾಗ ಇಂಪೀಡೆನ್ಸ್ ದಿಢೀರ್ ಕುಸಿಯುತ್ತದೆ. ಗಿಗಾಬಿಟ್ ಲೈನ್‌ನ ಎಸಿ ಕಪ್ಲಿಂಗ್ ಕೆಪಾಸಿಟರ್ ಮತ್ತು ಕನೆಕ್ಟರ್ ಪ್ಯಾಡ್‌ಗಳ ಕೆಳಗೆ ಎರಡನೇ ಲೇಯರ್‌ನಲ್ಲಿ ಪ್ಯಾಡ್ ಗಾತ್ರದ ಕಿಟಕಿ ತೆರೆಯಿರಿ.

ಡ್ರಾಯಿಂಗ್‌ನಲ್ಲಿ ಏನು ಬರೆಯಬೇಕು

ಗರ್ಬರ್ ಫೈಲ್‌ನಲ್ಲಿ (ಫ್ಯಾಬ್‌ಗೆ ಕಳಿಸುವ ಲೇಯರ್‌ಗಳ ಚಿತ್ರ) ಓಮ್ ಇರುವುದಿಲ್ಲ. ಫ್ಯಾಬ್ ಡ್ರಾಯಿಂಗ್‌ನಲ್ಲಿ ಸ್ಟ್ಯಾಕಪ್‌ನ ಜೊತೆ ಸಾಲು ಸಾಲಾಗಿ ಹೀಗೆ ಬರೆಯಿರಿ: ಲೇಯರ್ 1, ರೆಫರೆನ್ಸ್ ಲೇಯರ್ 2, ಸಿಂಗಲ್ ಎಂಡೆಡ್, 50 ಓಮ್ ±10%, ಡಿಸೈನ್ ಅಗಲ 0.191. ಡಿಫರೆನ್ಷಿಯಲ್ ಆದರೆ ಅಂತರವೂ ಬೇಕು. ಬಳಿಕ ಒಂದು ವಾಕ್ಯ: ಇಂಪೀಡೆನ್ಸ್ ಸರಿಪಡಿಸಲು ಅಗಲವನ್ನು 10%ವರೆಗೆ ಬದಲಾಯಿಸಬಹುದು, ಅದಕ್ಕಿಂತ ಹೆಚ್ಚು ಬೇಕಾದರೆ ಅಥವಾ ಪ್ರಿಪ್ರೆಗ್ ಬದಲಾಗುವುದಾದರೆ ಮೊದಲು ಒಪ್ಪಿಗೆ ಪಡೆಯಬೇಕು.

0.191 ಏಕೆ, 0.19 ಏಕಲ್ಲ? ಕ್ಯಾಮ್‌ನವರು ಟ್ರೇಸ್‌ಗಳನ್ನು ಅಗಲದ ಮೇಲೆ ಆರಿಸುತ್ತಾರೆ. ಇಂಪೀಡೆನ್ಸ್ ಇರುವ ನೆಟ್‌ಗೆ ಬೋರ್ಡ್‌ನಲ್ಲಿ ಬೇರೆಲ್ಲೂ ಇಲ್ಲದ ಅಗಲ ಕೊಟ್ಟರೆ ಅವರು ಅಷ್ಟನ್ನೇ ಹಿಡಿದು ಬದಲಾಯಿಸಬಹುದು. ಎಲ್ಲ ನೆಟ್‌ಗೂ 0.19 ಇದ್ದರೆ ಎಲ್ಲವೂ ಬದಲಾಗುತ್ತವೆ, ಎಲ್ಲೋ ಕ್ಲಿಯರೆನ್ಸ್ ತಪ್ಪುತ್ತದೆ. 100 ಓಮ್ ಜೋಡಿಗೆ 0.151, 90ಕ್ಕೆ 0.181 ಎಂದು ಹೀಗೇ ಮುಂದುವರಿಸಿ.

±5% ಕೇಳುವ ಮುನ್ನ ಯೋಚಿಸಿ. 50 ಓಮ್ ಲೈನ್ 45ಕ್ಕೆ ಇಳಿದರೂ ಹಿಂದಿರುಗುವ ಸಿಗ್ನಲ್ 5% ಚಿಲ್ಲರೆ ಮಾತ್ರ. ಯುಎಸ್‌ಬಿ 2ರ ಮಿತಿಯೇ ±15%. ±5%ಗೆ ಬೋರ್ಡ್‌ಗಳನ್ನು ಆರಿಸಿ ತೆಗೆಯಬೇಕಾಗುತ್ತದೆ, ಆ ಖರ್ಚು ನಿಮ್ಮ ಬಿಲ್‌ನಲ್ಲೇ ಬರುತ್ತದೆ.

ಬೋರ್ಡ್ ಬಂದ ಮೇಲೆ

ಫ್ಯಾಬ್‌ನವರು ಪ್ಯಾನೆಲ್‌ನ ಅಂಚಿನಲ್ಲಿ ಅದೇ ಸ್ಟ್ಯಾಕಪ್, ಅದೇ ಅಗಲದ ಉದ್ದ ಟ್ರೇಸ್ ಇರುವ ಕೂಪನ್ ಮಾಡಿ ಟಿಡಿಆರ್‌ನಿಂದ ಅಳೆಯುತ್ತಾರೆ. ರಿಪೋರ್ಟ್ ಜೊತೆ ಕೂಪನ್ ಕೂಡ ಕಳಿಸಲು ಹೇಳಿ. ಟಿಡಿಆರ್ ಗೆರೆಯ ಶುರುವಿನಲ್ಲಿ ಪ್ರೋಬ್ ತಾಗಿದ ಜಾಗದ ಏರಿಳಿತ ಇರುತ್ತದೆ. ಓದಬೇಕಾದ್ದು ನಡುಭಾಗ, ಉದ್ದದ 30%ರಿಂದ 70%ವರೆಗೆ. ಕಿರಿದಾದ ಟ್ರೇಸ್‌ನಲ್ಲಿ ಗೆರೆ ಮೆಲ್ಲಗೆ ಮೇಲೇರುತ್ತಾ ಹೋಗುವುದು ತಾಮ್ರದ ರೆಸಿಸ್ಟೆನ್ಸ್‌ನಿಂದ, ಅದು ದೋಷವಲ್ಲ.

ನಿಮ್ಮಲ್ಲೇ ಅಳೆಯುವುದಾದರೆ 3 ಗಿಗಾಹರ್ಟ್ಸ್‌ವರೆಗಿನ ನ್ಯಾನೋವಿಎನ್‌ಎ ಎಂಬ ಚಿಕ್ಕ ಅಳತೆ ಉಪಕರಣದ ಟಿಡಿಆರ್ ಮೋಡ್ ಸಾಕು, ಆದರೆ ಅದಕ್ಕೆ 10 ಮಿಲಿಮೀಟರ್‌ಗಿಂತ ಚಿಕ್ಕ ವಿವರ ಕಾಣುವುದಿಲ್ಲ. 100 ಮಿಲಿಮೀಟರ್ ಉದ್ದದ ಟೆಸ್ಟ್ ಟ್ರೇಸ್ ಒಂದನ್ನು ಬೋರ್ಡ್‌ನ ಖಾಲಿ ಅಂಚಿನಲ್ಲಿ ಇಟ್ಟು ಎರಡೂ ತುದಿಗೆ ಎಸ್‌ಎಂಎ ಕನೆಕ್ಟರ್ ಹಚ್ಚಿ. ಕೂಪನ್ ಪಾಸಾಗಿಯೂ ಬೋರ್ಡ್ ಕೆಲಸ ಮಾಡದಿದ್ದರೆ ಸ್ಟ್ಯಾಕಪ್ ಬಿಟ್ಟು ವಯಾ, ಪ್ಯಾಡ್, ಪ್ಲೇನ್ ಸೀಳುಗಳನ್ನು ಹುಡುಕಿ. ಕೂಪನ್‌ನಲ್ಲಿ ಅವು ಯಾವುವೂ ಇರುವುದಿಲ್ಲ.

ಕೂಪನ್ನೇ ತಪ್ಪಿದ್ದರೆ ಮೈಕ್ರೋಸೆಕ್ಷನ್ ಕೇಳಿ. ಕೂಪನ್‌ನ ತುಂಡು ಕತ್ತರಿಸಿ, ರೆಸಿನ್‌ನಲ್ಲಿ ಹೂತು, ಉಜ್ಜಿ ಹೊಳಪು ಕೊಟ್ಟು ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಎತ್ತರ, ತಳದ ಅಗಲ, ಮೇಲಿನ ಅಗಲ, ತಾಮ್ರದ ದಪ್ಪ ನಾಲ್ಕೂ ಮೈಕ್ರಾನ್‌ನಲ್ಲಿ ಸಿಗುತ್ತವೆ. ಆ ನಾಲ್ಕನ್ನು ಸಾಲ್ವರ್‌ಗೆ ಹಾಕಿ. ಬಂದ ಓಮ್ ಟಿಡಿಆರ್‌ಗೆ ಹೊಂದಿದರೆ ತಪ್ಪಿದ್ದು ಯಾವ ಅಳತೆ ಎಂದು ನೇರ ಕಾಣುತ್ತದೆ: ಎತ್ತರ ಕಡಿಮೆಯಿದ್ದರೆ ರೆಸಿನ್ ಲೆಕ್ಕ ಅಥವಾ ಪ್ರಿಪ್ರೆಗ್ ಬದಲಾಗಿದೆ, ಅಗಲ ಕಡಿಮೆಯಿದ್ದರೆ ಎಚ್ಚಿಂಗ್ ಹೆಚ್ಚಾಗಿದೆ, ತಾಮ್ರ 60 ಮೈಕ್ರಾನ್ ಇದ್ದರೆ ಪ್ಲೇಟಿಂಗ್ ಮಿತಿಮೀರಿದೆ. ಹೊಂದದಿದ್ದರೆ ಮಾತ್ರ ಡಿಕೆಯನ್ನು ಅನುಮಾನಿಸಿ, ಟಿಡಿಆರ್‌ಗೆ ಹೊಂದುವ ಡಿಕೆ ಎಷ್ಟೆಂದು ಕಂಡುಹಿಡಿದು ಆ ಫ್ಯಾಬ್‌ನ ಆ ಪ್ರಿಪ್ರೆಗ್‌ಗೆ ಮುಂದಿನ ಬೋರ್ಡ್‌ನಿಂದ ಅದನ್ನೇ ಬಳಸಿ.